ಡೋರೀನಳ ಸಹಿ

ಅಮೆರಿಕದ ಸ್ಯಾಗಿನಾ ಊರಿನ ಎರಕದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಾದ ಕಬ್ಬಿಣ ಹೊಯ್ದ ಸ್ಟ್ಯಾಶ್ ಡುಡೆಕ್‌ನಿಗೆ ಬದುಕಿನಲ್ಲಿ ಹೆಮ್ಮೆಪಡುವುದಕ್ಕೆ ಇದ್ದದ್ದು ಎರಡೇ: ಮಗಳು ಡೋರೀನ್, ಮತ್ತೆ ೧೯೭೦ರ ಶೆವೆಲ್ ಕಾರು. ಕೆಂಪು ಮೈ, ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟಿ, ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಕಿಟಕಿ ಗಾಜು ಅದುರುವಂಥ ಎಂಜಿನ್. ಆ ಎಂಜಿನ್ನಿನ ಕಬ್ಬಿಣ ಹೊಯ್ದದ್ದು ತಾನೇ ಎಂದು ಅವನು ಹೇಳಿಕೊಳ್ಳುತ್ತಿದ್ದ. ನಿಜವೋ ಸುಳ್ಳೋ, ಯಾರೂ ಎದುರಾಡುತ್ತಿರಲಿಲ್ಲ. ಎದುರಾಡಿದರೆ ಇನ್ನೊಂದು ಗಂಟೆ ಕೇಳಬೇಕಾಗುತ್ತಿತ್ತು.

ಕಾರು ಮನೆಗೆ ಬಂದಾಗ ಬರೀ ಗುಜರಿ. ಡೋರೀನ್‌ಗೆ ಆಗ ಹದಿನೈದು. ಅವಳ ವಾರಗೆಯ ಹುಡುಗಿಯರು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಹೊತ್ತಿಗೆ ಇವಳು ಕಾರಿನ ಕೆಳಗೆ ಅಂಗಾತ ಮಲಗಿ ನಟ್ಟು ಬಿಚ್ಚುತ್ತಿದ್ದಳು. "ಮದುವೆಗೆ ಬಿಳಿ ಗೌನ್ ಬೇಡ ಬಿಡಿ, ಇದೇ ಗ್ರೀಸ್ ಬಟ್ಟೇಲಿ ಚರ್ಚಿಗೆ ಕಳ್ಸೋಣ," ಎಂದು ಹೆಂಡತಿ ಐರೀನ್ ರೇಗಿಸುತ್ತಿದ್ದಳು. ಗುಜರಿಯನ್ನು ಕಾರು ಮಾಡಲು ಅಪ್ಪ ಮಗಳಿಗೆ ಮೂರು ಚಳಿಗಾಲ ಹಿಡಿಯಿತು. ಅವಳಿಗೆ ಹದಿನೆಂಟು ತುಂಬಿದ ದಿನ ಸ್ಟ್ಯಾಶ್ ಕಾರಿನ ಮಾಲೀಕತ್ವದ ಪತ್ರದಲ್ಲಿ ತನ್ನ ಹೆಸರಿನ ಪಕ್ಕ ಮಗಳ ಹೆಸರನ್ನೂ ಸೇರಿಸಿದ.

ಆಮೇಲೆ ಅವಳೂ ಕಾರ್ಖಾನೆ ಸೇರಿದಳು. ಬೆನ್ನಿಗೆ ಪೆಟ್ಟಾಯಿತು. ಡಾಕ್ಟರು ನೋವಿನ ಗುಳಿಗೆ ಕೊಟ್ಟರು. ಗುಳಿಗೆ ಅಭ್ಯಾಸವಾಯಿತು, ಅದು ಸಿಗದಾದಾಗ ಅದಕ್ಕಿಂತ ಕೆಟ್ಟ ಅಮಲು ಸಿಕ್ಕಿತು. ಐರೀನ್ ಅದೇ ಕೊರಗಿನಲ್ಲಿ ಸತ್ತಳು. ಒಂದು ನವೆಂಬರಿನ ಬೆಳಿಗ್ಗೆ ಡೋರೀನ್ ಗ್ಯಾರೇಜಿನ ಬಾಗಿಲಲ್ಲಿ ಬಂದು ನಿಂತಳು. ಮೂಳೆ ಚಕ್ಕಳವಾಗಿದ್ದಳು.

"ಅಪ್ಪಾ, ಕಾರು ಮಾರೋಣ. ಅರ್ಧ ನಂದೇ ಅಲ್ವಾ?"

"ಮುಟ್ಟಿ ನೋಡು, ಪೊಲೀಸರನ್ನ ಕರೀತೀನಿ."

ಅವಳು ಅಪ್ಪನ ಮುಖ ನೋಡಲಿಲ್ಲ. ಕಾರನ್ನು ಒಂದು ಸಲ ನೋಡಿ ಹೊರಟುಹೋದಳು. ಆ ಚಳಿಗಾಲವಿಡೀ ಅವಳು ಸಿಸ್ಟರ್ ಬರ್ನಿಸ್ ನಡೆಸುವ ಹೆಂಗಸರ ಆಶ್ರಯಮನೆಯಲ್ಲಿ ಮಲಗಿದಳೆಂದು ಸ್ಟ್ಯಾಶ್‌ಗೆ ತಿಳಿದದ್ದು ಏಪ್ರಿಲಿನಲ್ಲಿ. ಅಷ್ಟು ಹೊತ್ತಿಗೆ ಅವಳು ಅಲ್ಲಿಂದಲೂ ಹೋಗಿದ್ದಳು. ಕಾರನ್ನು ಉಳಿಸಿಕೊಂಡ, ಮಗಳನ್ನು ಕಳೆದುಕೊಂಡ. ಇದನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂಬತ್ತು ವರ್ಷ ಅವನು ಬೇರೇನನ್ನೂ ಯೋಚಿಸಲೇ ಇಲ್ಲ.

ಆಶ್ರಯಮನೆಯ ಊಟದ ಕೋಣೆಯ ಗೋಡೆಗೆ ಕಾಣೆಯಾದವರ ಫೋಟೋ ಚುಚ್ಚುವ ಒಂದು ಹಲಗೆಯಿದೆ. ಅಲ್ಲಿ ಸ್ಟ್ಯಾಶ್ ತಾನೇ ಮಗಳ ಫೋಟೋ ಚುಚ್ಚಿ, ಕೆಳಗೆ ಮನೆಯ ಫೋನ್ ನಂಬರ್ ಬರೆದು ಬಂದಿದ್ದ. ದೇಶ ಸುತ್ತುವ ಹೆಂಗಸರೆಲ್ಲ ಅಲ್ಲಿ ಉಣ್ಣಲು ಬರುತ್ತಾರೆ. ಒಬ್ಬಳಲ್ಲ ಒಬ್ಬಳು ಎಲ್ಲಾದರೂ ಕಂಡಿರಬಹುದಲ್ಲ.

ಎಪ್ಪತ್ತಾರಕ್ಕೆ ಮೊಣಕಾಲು ಕೈಕೊಟ್ಟಿತು. ಮನೆ ಮಾರಾಟಕ್ಕಿಟ್ಟು, ಮುದುಕರ ವಸತಿಯಲ್ಲಿ ಒಂದು ಕೋಣೆ ಗೊತ್ತುಮಾಡಿದ. ಅಲ್ಲಿ ಕಾರಿಗೆ ಜಾಗವಿಲ್ಲ. ಆಶ್ರಯಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟು ಹೆಂಗಸರು ಕೋಟು ಹೊದ್ದು ಮಲಗುತ್ತಿದ್ದಾರೆಂದು ಕೇಳಿದ ದಿನವೇ ಕಾರನ್ನು ಅವರಿಗೆ ಕೊಡುವುದೆಂದು ನಿಶ್ಚಯಿಸಿಬಿಟ್ಟ.

"ತಲೆ ನೆಟ್ಟಗಿದೆಯೇನೋ ನಿಂಗೆ?" ಎಂದ ಪಕ್ಕದ ಮನೆಯ ಹಾಲ್. "ಹೆಂಡ್ತಿಗೂ ಓಡ್ಸೋಕೆ ಕೊಡದ ಕಾರನ್ನ ಸನ್ಯಾಸಿನಿಗೆ ಕೊಡ್ತೀಯಾ?"

"ಅವ್ರೇನು ಓಡ್ಸಲ್ಲ ಮಾರಾಯ. ಹರಾಜು ಹಾಕ್ತಾರೆ."

"ಹಾಗಾದ್ರೆ ಇನ್ನೂ ಹುಚ್ಚು."

ವಾಹನ ಕಚೇರಿಯ ಹೆಂಗಸು ಅವನು ತಂದ ಮಾಲೀಕತ್ವದ ಪತ್ರವನ್ನು ತಿರುಗಿಸಿ ನೋಡಿದಳು. "ಯಜಮಾನ್ರೆ, ಇದ್ರಲ್ಲಿ ಇಬ್ರ ಹೆಸರಿದೆ. ಇಬ್ರೂ ಸಹಿ ಹಾಕ್ಬೇಕು."

"ಅವಳು ಎಲ್ಲಿದ್ದಾಳೋ ಗೊತ್ತಿಲ್ಲಮ್ಮ. ಒಂಬತ್ತು ವರ್ಷ ಆಯ್ತು."

ಅವಳು ದನಿ ತಗ್ಗಿಸಿದಳು. "ಅಷ್ಟು ವರ್ಷ ಆಗಿದ್ರೆ ಕೋರ್ಟಿಗೆ ಅರ್ಜಿ ಹಾಕ್ಬೋದು. ತೀರಿಕೊಂಡಿದ್ದಾರೆ ಅಂತ ಆದೇಶ ಕೊಡ್ತಾರೆ. ಅದನ್ನ ತಂದ್ರೆ ನಿಮ್ಮೊಬ್ರ ಸಹಿ ಸಾಕು. ಕಷ್ಟವೇನಿಲ್ಲ."

ಕಷ್ಟವೇನಿಲ್ಲವಂತೆ! ಒಂದು ಸಲ ಬಾಗಿಲಿನಿಂದ ಅಟ್ಟಿದ ಮಗಳನ್ನು ಇನ್ನೊಂದು ಸಲ ತನ್ನ ಕೈಯಾರೆ ಮಣ್ಣಿಗೆ ಹಾಕಬೇಕು, ಅದೂ ಅದೇ ಕಾರಿಗಾಗಿ. ಸ್ಟ್ಯಾಶ್ ಪತ್ರವನ್ನು ಕಿತ್ತುಕೊಂಡವನಂತೆ ತೆಗೆದುಕೊಂಡು ಮನೆಗೆ ಬಂದ. ಮಗಳ ಹಳೆಯ ಶಾಲಾ ಪುಸ್ತಕ ಹುಡುಕಿ, ಅದರಲ್ಲಿದ್ದ ಅವಳ ಸಹಿ ನೋಡಿಕೊಂಡು, ಚರ್ಚಿನಲ್ಲಿ ಹಂಚುವ ಹಾಳೆಗಳ ಹಿಂಬದಿಯಲ್ಲಿ ಮೂರು ದಿನ ತಿದ್ದಿ ತಿದ್ದಿ ಕಲಿತ. ಸ್ಪ್ರಿಂಗಿನ ಸುರುಳಿಯ ಹಾಗೆ ಸುತ್ತಿದ ಎರಡು ಅಕ್ಷರ, ಕೊನೆಯಲ್ಲಿ ಒಂದು ಬಾಲ. ನಾಲ್ಕನೆಯ ದಿನ ಪತ್ರದ ಮೇಲೆ ಒಂದೇ ಏಟಿಗೆ ಹಾಕಿದ. ಸತ್ತವರು ಸಹಿ ಹಾಕುವುದಿಲ್ಲ. ಆ ಕಾಗದದ ಮಟ್ಟಿಗಾದರೂ ಡೋರೀನ್ ಬದುಕಿದ್ದಳು. ಎಷ್ಟೋ ವರ್ಷದ ಮೇಲೆ ಅವನಿಗೆ ಆ ದಿನ ಹಸಿವಾಯಿತು.

ಗುರುವಾರ ಮಧ್ಯಾಹ್ನ ಕಾರನ್ನು ತಾನೇ ಓಡಿಸಿಕೊಂಡು ಆಶ್ರಯಮನೆಗೆ ಹೋದ. ಹೆಂಗಸರು ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ತಿನ್ನುತ್ತಿದ್ದರು. ಎಂಜಿನ್ ಸದ್ದಿಗೆ ಅರ್ಧ ಜನ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದರು. ಬೀಗದ ಕೈ ಕೊಟ್ಟ, ಪತ್ರ ಕೊಟ್ಟ. ಸಿಸ್ಟರ್ ಬರ್ನಿಸ್ ಕನ್ನಡಕ ಹಾಕಿಕೊಂಡು ಓದಿದರು. ಕೊನೆಗೆ ಎರಡನೆಯ ಸಹಿಯ ಮೇಲೆ ಬೆರಳಿಟ್ಟರು.

"ಸ್ಟ್ಯಾಶ್! ಇದು ಡೋರೀನ್ ಸಹಿ!"

ಆ ಚಳಿಗಾಲದಲ್ಲಿ ಡೋರೀನ್ ದಿನಾ ಸಂಜೆ ಹಾಸಿಗೆಯ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದಳು. ಆ ಕೈಬರಹ ಸಿಸ್ಟರ್‌ಗೆ ಅಂಗೈಯಷ್ಟು ಪರಿಚಯ. ಇದು ಸ್ಟ್ಯಾಶ್‌ನ ತಲೆಗೆ ಹೊಳೆದೇ ಇರಲಿಲ್ಲ.

"ಸಿಕ್ಕಿದ್ಲಾ? ನಂಗ್ಯಾಕ್ರೀ ಹೇಳ್ಲಿಲ್ಲ ನೀವು? ಹೇಗಿದ್ದಾಳೆ?"

ಸ್ಟ್ಯಾಶ್ ನಿಜ ಹೇಳಲು ಬಾಯಿ ತೆರೆದ. ಸುಳ್ಳು ಸಹಿ ಎಂದರೆ ಪತ್ರ ಹಾಳು, ಬಾಯ್ಲರ್ ಹಾಳು. ಅದು ಹೋಗಲಿ, ಸಿಕ್ಕಿಲ್ಲ ಎಂದು ಈ ಮುಖಕ್ಕೆ ಹೇಗೆ ಹೇಳುವುದು? ಎಂಬತ್ತರ ಹತ್ತಿರದ ಸಿಸ್ಟರ್ ಸಣ್ಣ ಹುಡುಗಿಯಂತೆ ಅಳುತ್ತಿದ್ದರು.

"ಚೆನ್ನಾಗಿದ್ದಾಳೆ," ಎಂದ.

"ಒಂಬತ್ತು ವರ್ಷ, ಒಂದು ದಿನಾನೂ ಬಿಡ್ದೆ ಪ್ರಾರ್ಥನೆ ಮಾಡಿದೀನಿ ಕಣ್ರೀ! ಯಾರೇ ಹೊಸಬ್ರು ಬರ್ಲಿ, ಮೊದ್ಲು ಅವಳ ಫೋಟೋ ತೋರಿಸಿ ಇವಳನ್ನ ಕಂಡ್ರಾ ಅಂತ ಕೇಳಿದೀನಿ." ಸಿಸ್ಟರ್ ಒಳಗೆ ಹೋಗಿ ಹಲಗೆಯಿಂದ ಪಿನ್ನು ಕಿತ್ತು ಫೋಟೋ ತಂದರು. ಕಾರಿನ ಬಾನೆಟ್ಟಿನ ಮೇಲೆ ಕೂತ ಹುಡುಗಿ, ಕೆನ್ನೆಗೆ ಗ್ರೀಸು, ಕೈಯಲ್ಲಿ ಸ್ಪ್ಯಾನರ್. "ತಗೊಳ್ಳಿ, ಅವಳಿಗೇ ಕೊಡಿ. ಇನ್ನು ಕೇಳೋ ಕೆಲ್ಸ ತಪ್ಪಿತು."

ಸ್ಟ್ಯಾಶ್ ಕೈ ಚಾಚಲಿಲ್ಲ. ಅವರೇ ಅವನ ಕೋಟಿನ ಜೇಬಿಗೆ ಇಟ್ಟರು.

ಒಳಗೆ ಬಡಿಸುತ್ತಿದ್ದ ಹೆಂಗಸು ಆಗಲೇ ಇನ್ಯಾವುದೋ ಹುಡುಗಿಯ ಫೋಟೋ ಹಿಡಿದು ಹಲಗೆಯ ಮುಂದೆ ನಿಂತಿದ್ದಳು. "ಜಾಗ ಇಲ್ದೆ ಒಂದು ವಾರದಿಂದ ಇಟ್ಕೊಂಡಿದ್ದೆ ಸಿಸ್ಟರ್," ಎಂದು, ಅದೇ ತೂತಿಗೆ ಅದೇ ಪಿನ್ನು ಒತ್ತಿದಳು.