ಬಲ್ಬಿನ ಬೋರ್ಡಿಗೆ ಅರಿಶಿನ ಕುಂಕುಮ

ಇಷ್ಟು ವರ್ಷವಾದರೂ ಯಾವುದಾದರೂ ಸಮಾರಂಭದ ಬಾಗಿಲಲ್ಲಿ ಬಲ್ಬು ಜೋಡಿಸಿದ ಬೋರ್ಡು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಜೊತೆಗಿರುವವರು ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಚೆನ್ನಾಗಿಯೇ ಇರುತ್ತದೆ, ಇಲ್ಲವೆಂದವರಾರು? ನನ್ನ ಸಿಟ್ಟು ಬೋರ್ಡಿನ ಮೇಲಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಅವ್ವನೂ ನಾನೂ ಹೆಬ್ಬಾಳದ ಆಚೆ ಕೆಂಪಾಪುರದ ಒಂದು ವಠಾರದಲ್ಲಿದ್ದೆವು. ನಾವು ಗದಗಿನ ಕಡೆಯವರು. ಅಪ್ಪ ಯಶವಂತಪುರದ ಕಾರ್ಖಾನೆಯೊಂದರಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅಲ್ಲಿಯೇ ಅವ್ವನಿಗೆ ಕೆಲಸ ಕೊಟ್ಟರು. ದಿನವಿಡೀ ಕೂತು ಸ್ವಿಚ್ಚು, ಹೋಲ್ಡರು ಜೋಡಿಸುವುದು. ನಾನು ಕಾಲೇಜಿಗೆ ಹೋಗುತ್ತಿದ್ದೆ.

ಆ ವರ್ಷ ರಾಜ್ಯೋತ್ಸವಕ್ಕೆ ನಾಟಕ ಆಡಿಸಬೇಕೆಂದು ಬೀದಿಯ ಸಂಘದವರು ಹೊರಟರು. ಅಧ್ಯಕ್ಷರು ಕೆಂಪಾಪುರದವರೇ, ಹೊಲವನ್ನೆಲ್ಲ ಸೈಟು ಮಾಡಿ ಮಾರುತ್ತಿದ್ದವರು. ನಮ್ಮ ವಠಾರವೂ ಅವರದೇ. ಅವ್ವ ಯಾರ ಮನೆ ಬಾಗಿಲಿಗೂ ಹೋಗಿ ಏನನ್ನೂ ಕೇಳಿದವಳಲ್ಲ. ಆವತ್ತು ತಾನಾಗಿಯೇ ಹೋಗಿ, ಸ್ಟೇಜಿಗೆ ಬಲ್ಬಿನ ಬೋರ್ಡು ಮಾಡಿಕೊಡುತ್ತೇನೆ ಎಂದಳು. ಅವಳು ಚಿಕ್ಕವಳಿದ್ದಾಗ ಊರಿಗೆ ಬರುತ್ತಿದ್ದ ನಾಟಕ ಕಂಪನಿಯ ಡೇರೆಯ ಮುಂದೆ ಅಂಥದ್ದೊಂದು ಇತ್ತಂತೆ. ಮುಸ್ಸಂಜೆಗೆ ಕಂಪನಿ ಮಾಲೀಕ ಬಂದು ಗುಂಡಿ ಒತ್ತುತ್ತಿದ್ದ, ನೆರೆದವರೆಲ್ಲ “ಓ” ಎನ್ನುತ್ತಿದ್ದರು. ಆ “ಓ” ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

“ಕೂಲಿ ಬ್ಯಾಡ್ರಿ ನನಗ. ಆದ್ರ ಆವತ್ತು ಗುಂಡಿ ಮಾತ್ರ ನಾನ ಒತ್ತಾಕಿ. ಈಗ ಹೇಳೇನಿ ನೋಡ್ರಿ,” ಎಂದಳು.

“ಅಯ್ಯೋ, ಒತ್ತಮ್ಮ, ಅದ್ಕೇನಂತೆ! ಇಂಗೆ ಮುಂದೆ ಬಂದು ಯಾರು ಮಾಡ್ಕೊಡ್ತಾರೆ?” ಎಂದರು ಅಧ್ಯಕ್ಷರು.

ಅವ್ವನ ಭಾನುವಾರಗಳೆಲ್ಲ ಅದಕ್ಕೇ ಹೋದವು. ಪ್ಲೈವುಡ್ ಹಲಗೆಗೆ ಕಪ್ಪು ಬಣ್ಣ ಬಳಿದು, ಅದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ “ನಾಟಕ” ಎಂದು ಬರೆದಳು. ನಡುವಿನ “ಟ” ದುಂಡಗೆ ಬರಲಿಲ್ಲವೆಂದು ಅಳಿಸಿ ಅಳಿಸಿ ಬರೆದಳು. ಅಕ್ಷರದ ಗುಂಟ ತೂತು ಕೊರೆದು, ಹೋಲ್ಡರು ಕೂರಿಸಿ, ಹಿಂದಿನಿಂದ ವೈರು ಎಳೆದಳು. ಬಲ್ಬುಗಳನ್ನು ಸಂಘದವರು ಆರ್.ಟಿ. ನಗರದ ಶಾಮಿಯಾನ ಅಂಗಡಿಯಿಂದ ಬಾಡಿಗೆಗೆ ತಂದರು. ಇರುವ ಒಂದು ಕೋಣೆಯನ್ನು ಆ ಹಲಗೆಯೇ ನುಂಗಿತ್ತು. ಸ್ಟೌ ಹಚ್ಚಲೂ ಜಾಗವಿಲ್ಲ.

“ಇಷ್ಟು ಮಾಡಿದ್ದಕ್ಕೆ ಅವರೇನು ನಿನಗೆ ಕಿರೀಟ ಇಡ್ತಾರಾ?” ಎಂದು ರೇಗಿದೆ.

“ಬಾಯಿ ಮುಚ್ಚಿ ವಾಯರ್ ಹಿಡಿ,” ಎಂದಳು. ಅಪ್ಪ ಹೋದಮೇಲೆ ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ನಾಟಕದ ಸಂಜೆ ಬೋರ್ಡು ಸ್ಟೇಜಿನ ಮೇಲೇರಿತು. ಅಧ್ಯಕ್ಷರ ಮನೆಯಿಂದ ಕರೆಂಟು ಎಳೆದು, ಸ್ವಿಚ್ಚನ್ನು ಒಂದು ಮೇಜಿನ ಮೇಲೆ ಇಟ್ಟಿದ್ದರು. ಯಾರಿಗೆ ಹೊಳೆಯಿತೋ, ಆ ಸ್ವಿಚ್ಚಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕರ್ಪೂರ ಬೆಳಗಿ, ಕಾಯಿಯನ್ನೂ ಒಡೆದರು. ಅವ್ವ ಹತ್ತಿರ ಹೋಗಿ ಕೈ ಚಾಚಿದಳು. ಆಗ ಸಂಘದ ಕಾರ್ಯದರ್ಶಿ, ಯಾವುದೋ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು, ಅಧ್ಯಕ್ಷರ ಕಿವಿಯಲ್ಲಿ ಏನೋ ಊದಿದ.

“ಅಮ್ಮ, ಒಸಿ ಈ ಕಡೆ ಬಾ,” ಎಂದರು ಅಧ್ಯಕ್ಷರು. “ಶುಭಕಾರ್ಯ ಅಲ್ವಾ, ಮುತ್ತೈದೆ ಕೈಲಿ ಆಗ್ಬೇಕಂತೆ. ನಮ್ಮನೆಯೋಳು ಒತ್ತಲಿ. ತಪ್ಪು ತಿಳ್ಕೋಬ್ಯಾಡ.”

ಅವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು. ಆ ಕೈಯಲ್ಲಿ ಏನು ಹೊಲಸಿತ್ತು, ಒರೆಸಿಕೊಳ್ಳಲು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಅಲ್ಲ, ಒಬ್ಬ ಗುಮಾಸ್ತ!

“ತೂತು ಕೊರೆಯೋವಾಗ ಮುತ್ತೈದೆ ಬೇಕಾಗಿರಲಿಲ್ವಾ ನಿಮಗೆ?” ಎಂದು ನಾನು ಕೂಗಿಯೇಬಿಟ್ಟೆ.

“ಓದಿರೋ ಹುಡುಗಿ ನೀನು, ದೊಡ್ಡೋರ ಮಧ್ಯೆ ಮಾತಾಡ್ಬಾರ್ದು ಕಣಮ್ಮ,” ಎಂದ ಕಾರ್ಯದರ್ಶಿ. ಅವ್ವ ನನ್ನ ತೋಳು ಚಿವುಟಿದಳು. ನಾವಿದ್ದದ್ದು ಅಧ್ಯಕ್ಷರ ವಠಾರದಲ್ಲಿ.

ಅಧ್ಯಕ್ಷರ ಹೆಂಡತಿ ಬಳೆ ಹಿಂದಕ್ಕೆ ಸರಿಸಿಕೊಂಡು ಸ್ವಿಚ್ಚು ಒತ್ತಿದರು. “ನಾಟಕ” ಧಗ್ಗೆಂದು ಹೊತ್ತಿಕೊಂಡಿತು. ಜನವೆಲ್ಲ “ಓ” ಎಂದರು. ಅವ್ವ ನೆಲ ನೋಡುತ್ತ ನಿಂತಿದ್ದಳು. ಅದು ಅವಳಿಗೆ ಸಿಗಬೇಕಾದ “ಓ”. ಹಾಡಹಗಲೇ ಜೇಬಿಗೆ ಕೈ ಹಾಕುವವರಿಗಾದರೂ ಒಂದಿಷ್ಟು ಅಳುಕಿರುತ್ತದೆ, ಇವರಿಗೆ ಅದೂ ಇರಲಿಲ್ಲ.

ನಾಟಕದಲ್ಲಿ ಏನಾಯಿತೋ ನನಗೆ ಒಂದೂ ನೆನಪಿಲ್ಲ. ಮುಗಿಯಿತು, ಜನ ಎದ್ದರು, ಸ್ಟೇಜಿನ ಲೈಟುಗಳು ಆರಿದವು. ಬೋರ್ಡು ಮಾತ್ರ ಉರಿಯುತ್ತಲೇ ಇತ್ತು. ಕಾರ್ಯದರ್ಶಿ ಅಧ್ಯಕ್ಷರ ಹೆಂಡತಿಯ ಕಡೆ ನೋಡಿದ.

“ಅಯ್ಯಯ್ಯೋ, ನನ್ ಕೈಲಾಗಲ್ಲಪ್ಪ!” ಎಂದು ಆಕೆ ಎರಡು ಹೆಜ್ಜೆ ಹಿಂದೆ ಸರಿದರು. “ಪೂಜೆ ಮಾಡಿ ಅಚ್ಚಿದ್ ದೀಪ. ಅಚ್ಚಿದ್ ಕೈಲೇ ಆರಿಸ್ತಾರಾ?”

ಮನೆಯಲ್ಲಿ ದಿನಕ್ಕೆ ಎಷ್ಟು ಸ್ವಿಚ್ಚು ಆರಿಸುತ್ತಾರೋ! ಆದರೆ ಇದಕ್ಕೆ ಕುಂಕುಮ ಇಟ್ಟಾಗಿತ್ತಲ್ಲ. ನಮ್ಮಲ್ಲಿ ದೇವರ ದೀಪ ಆರಿಸು ಎಂದು ಬಾಯಲ್ಲಿ ಕೂಡ ಅನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತಾರೆ. ಬೇರೆ ಹೆಂಗಸರೂ ಸೆರಗು ಎಳೆದುಕೊಂಡು ದೂರ ಸರಿದರು. ವೈರು ಕಿತ್ತರೂ ಆರಿಸಿದಂತೆಯೇ ಅಲ್ಲವೇ, ಗಂಡಸರಲ್ಲೂ ಯಾರೂ ಮುಂದೆ ಬರಲಿಲ್ಲ. ಆಗ ಆ ಕಾರ್ಯದರ್ಶಿಯ ಕಣ್ಣು ಅವ್ವನ ಮೇಲೆ ಬಿತ್ತು.

“ಅಮ್ಮಾ, ನೀವೇ ಆಫ್ ಮಾಡ್ಬಿಡಿ,” ಎಂದ, ಬಹಳ ಮರ್ಯಾದೆಯಿಂದ. “ನಿಮಗಾದ್ರೆ ಏನೂ ದೋಷ ಇಲ್ಲ.”

ನಿಮಗಾದ್ರೆ! ಹಚ್ಚಲು ಬಾರದ ಕೈ ಆರಿಸಲು ಬೇಕಾಯಿತು. ಥೂ, ಅವನ ಬಾಯಿಗಿಷ್ಟು ಮಣ್ಣು ಹಾಕ! ಅವ್ವ ಚಪ್ಪಲಿ ಮೆಟ್ಟಿಕೊಂಡು ಮನೆಯ ದಾರಿ ಹಿಡಿದಳು. ನಾನು ಹಿಂದೆ ನಡೆದೆ.

ಬೆಳಿಗ್ಗೆ ಅವಳಿಗೆ ಫಸ್ಟ್ ಶಿಫ್ಟು. ಬಸ್ಸಿಗೆ ಬಿಡಲು ನಾನೂ ಹೋದೆ. ಬಸ್ ಸ್ಟಾಪಿನ ಪಕ್ಕದ ಸ್ಟೇಜಿನ ಮೇಲೆ, ಎಳೆಬಿಸಿಲಲ್ಲಿ ಬೋರ್ಡು ಇನ್ನೂ ಉರಿಯುತ್ತಿತ್ತು. ಕೆಳಗೆ ಅಧ್ಯಕ್ಷರು ಟವೆಲು ಹೊದ್ದು ನಿಂತಿದ್ದರು.

“ಅಮ್ಮ, ರಾತ್ರಿಯೆಲ್ಲ ಉರ್ದೈತೆ. ಒಸಿ ಅದನ್ನ ಒತ್ತಿ ಓಗಮ್ಮ,” ಎಂದರು.

ಅವ್ವ ನಿಂತು ಬೋರ್ಡನ್ನು ಒಮ್ಮೆ ಪೂರ್ತಿ ನೋಡಿದಳು.

“ಗುಂಡಿ ಒತ್ತಾಕ ನಾ ಬಂದಿದ್ದು ನಿನ್ನೆ ಸಂಜೀಮುಂದ, ಯಜಮಾನ್ರ,” ಎಂದು ಹೇಳಿ ಬಸ್ಸು ಹತ್ತಿದಳು.