ಶೀತಲ ಕೋಣೆಯಲ್ಲಿ ಸರ್ ಜೊತೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಪುತ್ತೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಜೈವಿಕ ತಂತ್ರಜ್ಞಾನ ಎಂಬ ಮಾತು ನಮಗೆ ಹೊಸದು. ಅದನ್ನು ಕಣ್ಣಾರೆ ತೋರಿಸಲೆಂದು ಸಸ್ಯಶಾಸ್ತ್ರದ ಸರ್ ನಮ್ಮನ್ನು ಮಂಗಳೂರು ಕಡೆಯ ಒಂದು ಕಾರ್ಖಾನೆಗೆ ಕರೆದುಕೊಂಡು ಹೋದರು.

ಅಲ್ಲಿನ ಪ್ರಯೋಗಾಲಯದ ಶೀತಲ ಕೋಣೆ ನೋಡಿ ಎಲ್ಲರೂ ಹೊರಗೆ ಹೋಗುತ್ತಿದ್ದಾಗ ಸರ್ ನನ್ನನ್ನು ಹಿಂದಕ್ಕೆ ಕರೆದರು. "ಇಲ್ಲಿ ನೋಡು, ಶಿಲೀಂಧ್ರ ಹೇಗೆ ಬೆಳೆದುಂಟು" ಎಂದು ಒಂದು ಬಾಟಲಿ ತೋರಿಸಿದರು. ಅಷ್ಟರಲ್ಲಿ ಯಾರೋ ಹೊರಗಿನಿಂದ ಚಿಲಕ ಹಾಕಿದರು. ಬಾಗಿಲು ದಪ್ಪ, ಎಷ್ಟು ಬಡಿದರೂ ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ನನ್ನ ಬೆರಳುಗಳು ಮರಗಟ್ಟಿದವು. ತರಗತಿಯಲ್ಲಿ ನಾವೆಲ್ಲ ಹೆದರುತ್ತಿದ್ದ ಸರ್ ನೆಲದಲ್ಲಿ ಕೂತು ಅಳತೊಡಗಿದರು. "ಬಾಗಿಲು ಹಾಕಿದ್ರೆ ನನಗೆ ಉಸಿರು ಕಟ್ಟುದು ಮಾರಾಯ. ಯಾರಿಗೂ ಹೇಳ್ಬೇಡ." ನಾನು ಅವರ ಕೈ ಹಿಡಿದು, "ಈಗ ಬರ್ತಾರೆ ಸರ್" ಎನ್ನುತ್ತಲೇ ಇದ್ದೆ.

ಅರ್ಧ ಗಂಟೆಯ ನಂತರ ಹುಡುಕಿಕೊಂಡು ಬಂದವರು ಬಾಗಿಲು ತೆರೆದರು. ಸರ್ ಮುಖ ಒರೆಸಿಕೊಂಡು ಎದ್ದು ಎಲ್ಲರೆದುರು ನನ್ನ ಕಡೆ ತಿರುಗಿದರು.

"ಹಿಂದೆ ಉಳಿಬೇಡ ಅಂತ ಎಷ್ಟು ಸಲ ಹೇಳುದು? ನಿನ್ನನ್ನು ಕರೀಲಿಕ್ಕೆ ಬಂದು ನಾನೂ ಸಿಕ್ಕಿಬಿದ್ದೆ."

ಕರೆದದ್ದು ಅವರೇ ಎಂದರೆ ಒಳಗೆ ಅವರು ಅತ್ತದ್ದನ್ನೂ ಹೇಳಬೇಕಾಗುತ್ತಿತ್ತು. "ತಪ್ಪಾಯ್ತು ಸರ್" ಎಂದೆ.

ಮರಳುವಾಗ ಕಬಕದಲ್ಲಿ ಬಸ್ಸು ನಿಂತಿತು. ಸರ್ ಒಂದು ಲೋಟ ಚಹಾ ಹಿಡಿದುಕೊಂಡು ನನ್ನ ಸೀಟಿನ ತನಕ ಬಂದರು. ನನ್ನ ಕಡೆ ಚಾಚಿದರು. ನನಗೆ ಅದು ಬೇಡವಾಗಿತ್ತು, ಆದರೆ ಎಲ್ಲರೂ ನೋಡುತ್ತಿದ್ದರು. ತೆಗೆದುಕೊಂಡು ಕುಡಿದೆ.