ರೂಪಾಯಿಗೆ ಒಂದು ಆಣೆ

ಎದುರಿನ ಅಂಗಡಿಯ ಮುಂದೆ ಬಿಟ್ಟ ಜೋಡುಗಳನ್ನು ಎಣಿಸುವ ಚಟ ನನಗೆ ಯಾವಾಗ ಹತ್ತಿತೋ ಗೊತ್ತಿಲ್ಲ. ಗಾದಿಯ ಮೇಲೆ ಕುಳಿತರೆ ಸಾಕು, ಕಣ್ಣು ತಾನಾಗಿ ರಸ್ತೆ ದಾಟುತ್ತದೆ. ಜನವಾಡದ ರೈತರ ದಪ್ಪ ಕೆರ, ಕಚೇರಿಯವರ ಬೂಟು, ಯಾರದೋ ಹೊಸ ಚಪ್ಪಲಿ, ಎಲ್ಲ ಆ ಅರಿವೆ ಅಂಗಡಿಯ ಶಿವಲಿಂಗಪ್ಪನ ಮೆಟ್ಟಿಲ ಕೆಳಗೆ. ನಮ್ಮ ಮೆಟ್ಟಿಲ ಕೆಳಗೆ ಅಣ್ಣನ ಜೋಡು ಒಂದು, ನನ್ನದೊಂದು. ಒಳಗೆ ಗಿರಾಕಿಗಳಿದ್ದಾರೆ ಎಂದು ಹೋಗಿಬರುವವರಿಗೆ ತೋರಲಿ ಅಂತ ನನ್ನ ಎರಡು ಕಾಲಿನವನ್ನು ಬೇರೆ ಬೇರೆ ಮೂಲೆಗೆ ಬಿಟ್ಟ ದಿನಗಳೂ ಉಂಟು.

ಹೊಟ್ಟೆಕಿಚ್ಚು ಅನ್ನಿ, ಬೇಜಾರಿಲ್ಲ. ಆದರೆ ನಾನು ಚರ್ಚಾಕೂಟದಲ್ಲಿ ಪಳಗಿದವನು. ಹೊಟ್ಟೆಕಿಚ್ಚಿಗೆ ತತ್ವದ ಅಂಗಿ ತೊಡಿಸಿ ಹೊರಗೆ ಕಳಿಸುವುದು ನಮ್ಮಂಥವರಿಗೆ ಎಷ್ಟರ ಕೆಲಸ?

ನಮ್ಮದು ಬೀದರಿನ ಪೇಟೆಯಲ್ಲಿ ಒಂದು ಅರಿವೆ ಅಂಗಡಿ. ಅಣ್ಣನದು ಅನ್ನಬೇಕು. ನಾನು ಹೈದರಾಬಾದಿನಲ್ಲಿ ಓದು ಮುಗಿಸಿ, ವಾದದಲ್ಲಿ ಗೆದ್ದ ಹಿತ್ತಾಳೆಯ ಬಟ್ಟಲೊಂದನ್ನು ಬಗಲಲ್ಲಿಟ್ಟುಕೊಂಡು ಬಂದು, ನೌಕರಿ ಸಿಗುವವರೆಗೆ ಅಂತ ಅಲ್ಲಿ ಕುಳಿತವನು. ನಾನು ಬಂದ ವರ್ಷವೇ ಬೀದರು ಮೈಸೂರು ರಾಜ್ಯಕ್ಕೆ ಸೇರಿತು. ಪೇಟೆಯಲ್ಲೆಲ್ಲ ಬೋರ್ಡು ಬದಲಾಯಿಸುವ ಸಡಗರ. ನಮ್ಮ ಅಂಗಡಿಯಲ್ಲಿ ಉರ್ದುವಿನಲ್ಲಿದ್ದ ‘ಇಂದು ನಗದು, ನಾಳೆ ಉದ್ರಿ’ ಹಲಗೆಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಮಾತಿನ ಹಲಗೆಗೆ ನಾನು ಒಂಬತ್ತು ಸಾಲಿನ ವಾದ ಬರೆದುಕೊಟ್ಟೆ. ಬಣ್ಣ ಬರೆಯುವವನು ಸಾಲಿಗಿಷ್ಟು ಎಂದು ಲೆಕ್ಕ ಹೇಳಿದ ಕೂಡಲೇ ಅಣ್ಣ ಅದನ್ನು ಮತ್ತೆ ನಾಲ್ಕೇ ಮಾತಿಗೆ ಇಳಿಸಿದ. ಮಿಕ್ಕದ್ದನ್ನು ನಾನು ಗಿರಾಕಿಗಳಿಗೆ ಬಾಯಿಂದಲೇ ಹೇಳುತ್ತ ಬಂದೆ.

ಎದುರಿನ ಜೋಡುಗಳ ಗುಟ್ಟು ಒಂದು ಚೀಟಿ. ಭಾಲ್ಕಿಯ ಸಾಹುಕಾರನೊಬ್ಬ ಪಗಾರದ ಜನರಿಗೆ, ಅಂದರೆ ಮಾಸ್ತರರಿಗೆ, ಕಚೇರಿ ಗುಮಾಸ್ತರಿಗೆ, ತನ್ನ ಮುದ್ರೆ ಒತ್ತಿದ ಐದು ಹತ್ತು ರೂಪಾಯಿಯ ಚೀಟಿ ಕೊಡುತ್ತಿದ್ದ. ಬೀದರ, ಭಾಲ್ಕಿ, ಔರಾದ, ಎಲ್ಲಿಯೇ ಆಗಲಿ, ಅವನ ಮುದ್ರೆಯ ಫಲಕ ತೂಗುಹಾಕಿದ ಅಂಗಡಿಯಲ್ಲಿ ಅದನ್ನು ಕೊಟ್ಟರೆ ಸಾಮಾನು ಸಿಗುತ್ತಿತ್ತು. ಪಗಾರವಾದ ಮೇಲೆ ಸಾಹುಕಾರನಿಗೆ ಹಣ ಕಟ್ಟಿದರಾಯಿತು. ಇತ್ತ ಅಂಗಡಿಯವನಿಗೆ ಕಾಯುವ ಕೆಲಸವಿಲ್ಲ. ಸಂತೆಯ ದಿನ ಸಾಹುಕಾರನ ಮುನೀಮ ಬಂದು, ಚೀಟಿ ತೆಗೆದುಕೊಂಡು, ನಗದು ಎಣಿಸುತ್ತಿದ್ದ. ಪೂರಾ ಅಲ್ಲ. ರೂಪಾಯಿಗೆ ಒಂದು ಆಣೆ ಮುರಿದುಕೊಂಡು ಹದಿನೈದು ಆಣೆ. ಆ ಮುರಿದುಕೊಂಡ ಆಣೆಗೆ ವಟ್ಟ ಎಂದು ಹೆಸರು.

ವಟ್ಟ ನಮ್ಮ ಕಡೆಯವರಿಗೆ ಹೊಸದೇನಲ್ಲ. ನಿಜಾಮನ ಕಾಲದಲ್ಲಿ ನಮ್ಮ ಕಿಸೆಯಲ್ಲಿದ್ದದ್ದು ಹಾಲಿ ಸಿಕ್ಕಾ, ಸೊಲ್ಲಾಪುರದ ಪೇಟೆಯಲ್ಲಿ ನಡೆಯುತ್ತಿದ್ದದ್ದು ಇಂಗ್ರೇಜರ ರೂಪಾಯಿ, ಅಂದರೆ ಕಲದಾರ. ಏಳು ಸಿಕ್ಕಾ ಕೊಟ್ಟರೆ ಹೆಚ್ಚುಕಡಿಮೆ ಆರು ಕಲದಾರ. ಸೀರೆ ತರಲು ಹೊರಟ ನಮ್ಮಪ್ಪ ಗಡಿ ದಾಟಿದ ಕೂಡಲೇ ಏಳರಿಂದ ಆರಕ್ಕೆ ಇಳಿಯುತ್ತಿದ್ದ. ಇಳಿದದ್ದು ಎಣಿಕೆ, ಬೆಲೆಯಲ್ಲ ಎಂದು ತಿಳಿದವರು ಸಮಾಧಾನ ಹೇಳುತ್ತಿದ್ದರು. ಅಪ್ಪನ ಮುಖ ಮಾತ್ರ ಇಳಿದೇ ಇರುತ್ತಿತ್ತು. ಬದಲಾಯಿಸಿ ಕೊಡುವವನ ವಟ್ಟ ಅದರ ಮೇಲೆ ಬೇರೆ. ಜೇನು ಕಿತ್ತವನು ಕೈ ನೆಕ್ಕದೆ ಬಿಡುತ್ತಾನೆಯೇ ಎನ್ನುತ್ತಾರಲ್ಲ, ಹಣವೂ ಅಂಥದೇ ಅಂಟು ಪದಾರ್ಥ.

ಮೈಸೂರು ಸೇರುವ ಸಡಗರ ಮತ್ತು ದೀಪಾವಳಿ ಹೆಚ್ಚುಕಡಿಮೆ ಜೊತೆಗೇ ಬಂದವು. ಅಣ್ಣ ಹಬ್ಬವನ್ನು ನಂಬಿ ಸೊಲ್ಲಾಪುರದಿಂದ ಕಪಾಟು ತುಂಬ ಸೀರೆ, ಧೋತರ ತಂದಿದ್ದ. ಇದ್ದ ಬಂಡವಾಳವೆಲ್ಲ ಅದರಲ್ಲೇ. ಹಬ್ಬಕ್ಕೆ ಅದು ಹೋಗದಿದ್ದರೆ ಅಂಗಡಿಗೆ ಕೀಲಿ ಹಾಕಿ ಭಾಲ್ಕಿಯಲ್ಲಿ ಮಾವನ ಅಂಗಡಿಯಲ್ಲಿ ಆಳಾಗಿ ಕೂಡಬೇಕು. ಅಣ್ಣನಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.

“ನಾವೂ ಆ ಫಲಕ ಹಾಕೋಣೇನೋ?” ಎಂದು ಒಂದು ಬೆಳಿಗ್ಗೆ ಕೇಳಿದ.

ನಾನು ಕಾದಿದ್ದೆ. “ಅರಿವಿ ನಮ್ದು, ಅಂಗಡಿ ನಮ್ದು, ಗಿರಾಕಿ ನಮ್ಮವ. ನಡಬರಕ ಅಂವಾ ಯಾರಣ್ಣ? ಬಸವಣ್ಣನ ನಾಡಾಗ ಇದ್ದು ಕಾಯಕ ಮಾಡದವಗ ಒಂದಾಣಿ ಯಾಕ ಕೊಡಬೇಕು?”

“ಕಮಠಾಣಕ ಎರಡು ಸರ್ತಿ ಉದ್ರಿ ವಸೂಲಿಗಿ ಹೋಗಿ ಬಾ. ಅದು ಕಾಯಕ ಹೌದೋ ಅಲ್ಲೋ ಆಮ್ಯಾಲ ಹೇಳು, ವಕೀಲ ಸಾಬ. ಯಾರರೆ ರೊಕ್ಕ ಮುಳುಗಿಸಿದ್ರ ಮುಳುಗೋದು ಸಾಹುಕಾರಂದು. ನಮ್ಮ ಹದಿನೈದಾಣಿ ಸಂತಿ ದಿನ ನಮ್ಮ ಕೈಯಾಗ.”

“ರೂಪಾಯಿಗಿ ನಮಗ ಉಳಿಯೋದೇ ಎರಡಾಣಿ. ಅದ್ರಾಗ ಒಂದು ಹೋದ್ರ, ಹೋಗೋದು ಹದಿನಾರರಾಗ ಒಂದಲ್ಲ, ನಮ್ಮ ರೊಟ್ಟ್ಯಾಗ ಅರ್ಧ!”

ಲೆಕ್ಕ ಸರಿಯಿತ್ತು, ಈಗಲೂ ಸರಿಯಿದೆ. ವಾದದಲ್ಲಿ ನಾನು ಗೆದ್ದೆ. ಆ ವಾರ ಅಂಗಡಿಯಲ್ಲಿ ಒಂದು ಸೀರೆಯೂ ಹೋಗಲಿಲ್ಲ.

ಹಾಗಾದರೆ ಶಿವಲಿಂಗಪ್ಪ ಹೇಗೆ ಬದುಕಿದ್ದಾನೆ? ಈ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. ಅವನಿಗೆ ನಷ್ಟವಾಗಬೇಕು ಎಂಬುದು ನನ್ನ ತರ್ಕ, ಮತ್ತು ಹೇಳಿಬಿಡುತ್ತೇನೆ, ನನ್ನ ಆಸೆ. ಅವನಲ್ಲಿ ಅರಿವೆ ಕೊಂಡು ಬರುವವರನ್ನು ತಡೆತಡೆದು ದರ ಕೇಳಿದ ಮೇಲೆ ಹೊಳೆಯಿತು. ಆತ ಎಲ್ಲ ಮಾಲಿನ ಮೇಲೂ ಗಜಕ್ಕೆ ಅರ್ಧ ಆಣೆ ಏರಿಸಿದ್ದ. ಚೀಟಿಯವನಿಗೂ ಅದೇ ದರ, ನಗದಿನವನಿಗೂ ಅದೇ ದರ. ಅಂದರೆ ಮಾಸ್ತರರ ಚೀಟಿಯ ವಟ್ಟದಲ್ಲಿ ಒಂದು ಪಾಲನ್ನು, ಚೀಟಿಯನ್ನು ಕಣ್ಣಲ್ಲೂ ಕಾಣದ ಜನವಾಡದ ರೈತ ಕಟ್ಟುತ್ತಿದ್ದ! ನನಗಾದ ಆನಂದ ಹೇಳತೀರದು. ಒಬ್ಬ ರೈತನನ್ನು ನಡುರಸ್ತೆಯಲ್ಲೇ ನಿಲ್ಲಿಸಿ, “ಯಜಮಾನ್ರ, ಗಜಕ್ಕ ಅರ್ಧಾಣಿ ಹೆಚ್ಚು ಕೊಡ್ಲತ್ತೀರಿ” ಎಂದೆ.

“ಗೊತ್ತದರಿ,” ಅಂದ. “ಆದ್ರ ಅಲ್ಲಿ ಗದ್ಲ ಇರ್ತದ. ಗದ್ಲ ಇದ್ದಲ್ಲಿ ಮಾಲ್ ಹೊಸಾದಿರ್ತದ. ನಿಮ್ಮಲ್ಲಿ ನೀವಿಬ್ರೇ ಕುಂತಿರ್ತೀರಿ.”

ಆಮೇಲೆ ಒಂದು ದಿನ ಬಂದವರು ಮೈಲೂರಿನಲ್ಲಿದ್ದ ಒಬ್ಬ ಮಾಸ್ತರರು. ಔರಾದಿನಿಂದ ವರ್ಗವಾಗಿ ಬಂದವರು, ಮೆತ್ತಗಿನ ಮನುಷ್ಯ. ಹೊಸ ರಾಜ್ಯದ ಪಗಾರ ಕೈಗೆ ಬರುವುದು ತಡವಾದೀತೋ ಏನೋ ಎಂಬ ಅಳುಕು ಆಗ ಅವರಂಥ ಎಲ್ಲರಿಗೂ ಇತ್ತು. ಮಗಳ ಮೊದಲ ದೀಪಾವಳಿ, ಒಂದು ಸೀರೆ ಉದ್ರಿ ಬೇಕು ಎಂದರು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ರಸ್ತೆಯಲ್ಲಿ. ನಾನು ಹಲಗೆಯಲ್ಲಿ ಹಿಡಿಸದ ಆ ಒಂಬತ್ತೂ ಸಾಲನ್ನು ಅವರಿಗೆ ವಿವರಿಸಿದೆ. ಉದ್ರಿಯಿಂದ ವ್ಯಾಪಾರಕ್ಕಾಗುವ ಕೇಡು, ಕೊಳ್ಳುವವನಿಗಾಗುವ ಕೇಡು, ಕೊನೆಗೆ ಸಮಾಜಕ್ಕಾಗುವ ಕೇಡು. ಅವರು ಪೂರ್ತಿ ಕೇಳಿದರು. “ಖರೇ ಅದರಿ ನಿಮ್ಮ ಮಾತು” ಎಂದರು. ಮೆಟ್ಟಿಲ ಮೇಲಿನ ಕಾಲನ್ನೂ ಇಳಿಸಿ ಎದುರಿಗೆ ಹೋದರು.

ಒಪ್ಪಿದ ಮನುಷ್ಯ ದಾಟಿಹೋದದ್ದು ಹೇಗೆ? ಒಪ್ಪದೆ ಹೋಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಅದೇ ಸಂಜೆ ಊಟಕ್ಕೆ ಕುಳಿತಾಗ ವೈನಿ, ಅಂದರೆ ಅಣ್ಣನ ಹೆಂಡತಿ, ಹೊಸ ಕುಬಸ ತೊಟ್ಟು ಬಡಿಸುತ್ತಿದ್ದಳು. ಎಲೆಹಸಿರು ಅರಿವೆ. ನಮ್ಮ ಕಪಾಟಿನ ಒಂದೊಂದು ಸುರುಳಿ ಅರಿವೆಯೂ ನನಗೆ ಬಾಯಿಪಾಠ. ಇದು ನಮ್ಮದಲ್ಲ.

“ಇದು ಎಲ್ಲಿಂದು ವೈನಿ?”

“ಎದುರಿಂದು.”

“ನಮ್ಮ ಅಂಗಡ್ಯಾಗ ಹಸರು ಇರ್ಲಿಲ್ಲೇನು?”

“ಇತ್ತು. ಕೇಳ್ಲಿಕ್ಕ ಬಂದಿದ್ದೆ. ಹಸರು ತೋರ್ಸಪಾ ಅಂದ್ರ, ಕೆಂಪು ಯಾಕ ಚಂದ ಅಂತ ಹೇಳ್ಲಾಕ ಕುಂತಿ. ಪಲ್ಯಾ ಒಲಿ ಮ್ಯಾಲಿತ್ತು, ಎದ್ದು ಬಂದೆ.”

“ಅಂವಾ ಗಜಕ್ಕ ಅರ್ಧಾಣಿ ಹೆಚ್ಚು ತಗೋತಾನ!”

“ತಗೊಂಡ. ಹಸರು ಕೇಳಿದೆ, ಹಸರು ಹಾಕ್ದ, ಹರದು ಕೊಟ್ಟ. ಬಾಯಿ ತೆರೀಲಿಲ್ಲ. ಅರ್ಧಾಣಿ ಏನ್ ಭಾಳ ಆಗ್ಲಿಲ್ಲ ನನಗ.” ಪಲ್ಯ ಬಡಿಸುತ್ತಲೇ ಮುಂದುವರಿಸಿದಳು: “ಆ ಮಾಸ್ತರ ಹೆಣ್ತಿ ಸಿಕ್ಕಿದ್ಳು. ಅಲ್ಲಿ ಚೀಟಿ ಹಾಕಿದ್ರ ಯಾರೂ ಮಾರಿ ನೋಡಂಗಿಲ್ಲಂತ. ನಿಮ್ಮಲ್ಲಿ ಉದ್ರಿ ಕೇಳಿದ್ರ ಸಾಲ್ಯಾಗ ಬೆಂಚಿನ ಮ್ಯಾಲ ನಿಂತಂಗ ಆಗ್ತದಂತ. ಪಾಪ, ಮಾಸ್ತರಗ!”

ಅಣ್ಣ ಮೊದಲು ಕೆಮ್ಮಿದ, ಆಮೇಲೆ ನಕ್ಕ, ಆಮೇಲೆ ಎದ್ದು ಕೈ ತೊಳೆದುಕೊಂಡ. ಮರುದಿನ ಅಂಗಡಿಯಲ್ಲಿ ಸಾಹುಕಾರನ ಮುದ್ರೆಯ ಫಲಕ ತೂಗಾಡುತ್ತಿತ್ತು. ಹೊಸ ಬಣ್ಣದ ನನ್ನ ನಾಲ್ಕು ಮಾತಿನ ಹಲಗೆ ಒಳಗೆ ಗೋಡೆಗೆ ಮುಖ ಮಾಡಿ ನಿಂತಿತ್ತು. ನನಗೆ ಗಾದಿಯ ಮೇಲೆ ಕೂಡಲು ಪರವಾನಗಿ ಇತ್ತು, ಬಾಯಿಗೆ ಇರಲಿಲ್ಲ.

ಮಾಸ್ತರರು ಮತ್ತೆ ಬಂದರು, ಅಳಿಯನಿಗೆ ಧೋತರ ಬೇಕಾಗಿತ್ತು. ಜೋಡು ಕಳಚಿ ಮೇಲೆ ಬಂದು ಗಾದಿಯ ನಡುವೆ ಕುಳಿತರು. ಇಸ್ಪೀಟಿನಲ್ಲಿ ತುರುಫು ಇಳಿಸುವ ಹಾಗೆ ಚೀಟಿಯನ್ನು ಇಟ್ಟರು. ಒಂದು ಧೋತರ ಬಿಚ್ಚಿಸಿದರು, ಅಂಚು ಸರಿಯಿಲ್ಲ ಎಂದರು. ಇನ್ನೊಂದು ಬಿಚ್ಚಿಸಿದರು, ನೂಲು ತೆಳುವು ಎಂದರು. ಮೊನ್ನೆ ಮೆಟ್ಟಿಲ ಮೇಲೆ ಒಂದೇ ಕಾಲಿಟ್ಟು ನಿಂತಿದ್ದವರು ಇವರೇ. ಬೇಡ ಅನ್ನುವ ಈ ಗತ್ತಿನ ಬೆಲೆ ರೂಪಾಯಿಗೆ ಒಂದಾಣೆ ಎಂದಾದರೆ, ನಾನು ಕೂಡಿಸಿ ಕಳೆದ ಲೆಕ್ಕದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ನೂಲು ತೆಳುವಲ್ಲ ಎಂದು ಸಾಧಿಸಲು ನನ್ನ ಬಳಿ ಮೂರು ಕಾರಣಗಳಿದ್ದವು. ಮೂರನ್ನೂ ನುಂಗಿ ಮೂರನೆಯ ಧೋತರ ಬಿಚ್ಚಿದೆ.

ಹಬ್ಬದ ಹೊತ್ತಿಗೆ ಕಪಾಟಿನ ಹಿಂದಿನ ಹಲಗೆ ಕಾಣತೊಡಗಿತು. ಭಾಲ್ಕಿಯ ಮಾವನ ಅಂಗಡಿಗೆ ಆಳಾಗಿ ಹೋಗುವುದು ತಪ್ಪಿತು. ಸಂತೆಯ ದಿನ ಮುನೀಮ ಬಂದು ಆಣೆ ಮುರಿದುಕೊಂಡಾಗ ಹೊಟ್ಟೆಯಲ್ಲಿ ಒಂದೊಂದು ಆಣೆಗೂ ಒಂದೊಂದು ಕಡ್ಡಿ ಗೀರಿದಂತಾಯಿತು. ಒಂದಾಣೆ ಹೆಚ್ಚಾಯಿತು, ಪೇಟೆಯವರೆಲ್ಲ ಕೂಡಿ ಕೇಳಿದರೆ ಮುಕ್ಕಾಲಕ್ಕೆ ಇಳಿದೀತು, ನಗದು ಕೊಡುವವನಿಗೆ ಅರ್ಧಾಣೆ ಬಿಡುವುದೇ ನ್ಯಾಯ, ಇದು ನನ್ನ ಇಂದಿಗೂ ಬದಲಾಗದ ಮತ. ಯಾರು ಬೇಕಾದರೂ ವಾದಕ್ಕೆ ಬರಬಹುದು. ಅಂಗಡಿ ಮುಚ್ಚಿದ ಮೇಲೆ ಬರಬೇಕು, ಅಷ್ಟೆ. ಯಾಕೆಂದರೆ ನಾವೂ ಗಜಕ್ಕೆ ಅರ್ಧಾಣೆ ಏರಿಸಿದ್ದೇವೆ.

ಎಳ್ಳಮಾಸಿ ಹಬ್ಬದ ಮುಂದೆ ವೈನಿ ಅಂಗಡಿಗೆ ಬಂದಳು. ಹಳದಿ ಕೇಳಿದಳು. ಹಳದಿ ಅವಳಿಗೆ ಒಪ್ಪುವುದಿಲ್ಲ, ಅದನ್ನು ಯಾವ ಸಭೆಯಲ್ಲಾದರೂ ನಿರೂಪಿಸಬಲ್ಲೆ. ತುಟಿ ಬಿಗಿಹಿಡಿದು ಅಳೆದು ಹರಿದು ಕೊಟ್ಟೆ. ಅಂಗಡಿಯ ಯಜಮಾನನ ಹೆಂಡತಿ, ಹಣ ಕೊಡುವ ಮಾತೇ ಇಲ್ಲ. ಆದರೂ ಸೆರಗಿನ ಗಂಟು ಬಿಚ್ಚಿ ಒಂದು ಅರ್ಧಾಣೆಯ ನಾಣ್ಯ ನನ್ನ ಮುಂದಿಟ್ಟು, “ಇದು ನಿನ್ನ ಪಗಾರ, ವಕೀಲ ಸಾಬ” ಎಂದು ಎದ್ದಳು.

ಆ ನಾಣ್ಯವನ್ನು ಹಿತ್ತಾಳೆಯ ಬಟ್ಟಲಲ್ಲಿ ಹಾಕಿಟ್ಟಿದ್ದೇನೆ. ಬಟ್ಟಲು ಮಾತಾಡಿ ಗಳಿಸಿದ್ದು, ಅರ್ಧಾಣೆ ಮಾತಾಡದೆ ಗಳಿಸಿದ್ದು. ಅದಕ್ಕಾಗಿ ನಾನು ಪಟ್ಟ ಪಾಡು ನನಗೇ ಗೊತ್ತು. ಎದುರಿನ ಶಿವಲಿಂಗಪ್ಪ ಹುಟ್ಟಿನಿಂದಲೇ ಮಾತು ಕಡಿಮೆಯ ಮನುಷ್ಯ. ಗಜಗಜಕ್ಕೂ ಬರುವ ಆ ಅರ್ಧಾಣೆ ಅವನಿಗೆ ಬೆವರಿಲ್ಲದೆ ಬರುತ್ತದೆ. ಅದನ್ನು ನೆನೆದರೆ ಮಾತ್ರ, ಹೇಳಬಾರದು, ಈಗಲೂ ಹೊಟ್ಟೆ ಉರಿಯುತ್ತದೆ.